ಕುಟುಂಬದ ಆಸ್ತಿ ಮತ್ತು ಹೆಂಚಿನ ಕಾರ್ಖಾನೆ: ದಕ್ಷಿಣ ಕನ್ನಡದ ಬಾಸೆಲ್ ಮಿಷನ್ ಸಭೆಗಳ ಸಾಮಾಜಿಕ ಹಿನ್ನೆಲೆ

ಕರಾವಳಿಯ ಪ್ರಾಟೆಸ್ಟಂಟ್ ಕ್ರೈಸ್ತರ ಚರಿತ್ರೆಯನ್ನು ಹೇಳುವ ಎರಡು ಬಗೆಗಳು ರೂಢಿಯಲ್ಲಿವೆ. ಮಿಷನ್ನಿನ ವರದಿಗಳನ್ನು ನೆಚ್ಚಿದವರ ಪ್ರಕಾರ, ಭೂತಗಳ ಭಯದಲ್ಲಿದ್ದ ಜನ ಸುವಾರ್ತೆಯನ್ನು ಕೇಳಿ ಮನಸ್ಸು ತಿರುಗಿಸಿಕೊಂಡರು. ಅದನ್ನು ಒಪ್ಪದವರ ಪ್ರಕಾರ, ಬಡವರು ಹೆಂಚಿನ ಕಾರ್ಖಾನೆಯ ಕೂಲಿಗಾಗಿ ಜಾತಿ ಬಿಟ್ಟರು. ಮೊದಲನೆಯವರಿಗೆ ಕಾರ್ಖಾನೆ ಒಂದು ಉಪಕಥೆ, ಎರಡನೆಯವರಿಗೆ ಅದೊಂದು ಗಾಳ. ಕಾಲಕ್ರಮವನ್ನೂ ಆಸ್ತಿಯ ಕಾನೂನನ್ನೂ ಒಟ್ಟಿಗೆ ಇಟ್ಟು ನೋಡಿದರೆ ಈ ಎರಡೂ ನಿಲ್ಲುವುದಿಲ್ಲ ಎಂಬುದು ನನ್ನ ವಾದ. ಕಾರ್ಖಾನೆ ಮತಾಂತರದ ಹಿಂದೆ ಬಂದದ್ದು, ಮುಂದೆ ಹೋದದ್ದಲ್ಲ. ಅದನ್ನು ಅನಿವಾರ್ಯ ಮಾಡಿದ್ದು ಅಳಿಯಸಂತಾನದ ಆಸ್ತಿ ಪದ್ಧತಿ ಮತ್ತು ಕಳ್ಳು ಇಳಿಸುವ ಮೂರ್ತೆ ಕಸುಬಿನ ಮೇಲೆ ಮಿಷನ್ ತಾನೇ ಹಾಕಿದ ನಿಷೇಧ.

1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ ಹುಟ್ಟಿದ ಈ ಸಂಸ್ಥೆಗೆ ಭಾರತದ ಬಾಗಿಲು ತೆರೆದದ್ದು 1833ರ ಚಾರ್ಟರ್ ಕಾಯ್ದೆಯಿಂದ. ಸ್ಯಾಮುಯೆಲ್ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮರುವರ್ಷವೇ ಪಶ್ಚಿಮ ಕರಾವಳಿಗೆ ಬಂದು ಮಂಗಳೂರಿನಲ್ಲಿ ನೆಲೆಯೂರಿದರು. 1836ರಲ್ಲಿ ಬಂದ ಹರ್ಮನ್ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ್ದು ಕನ್ನಡಿಗರಿಗೆಲ್ಲ ಗೊತ್ತಿರುವ ಸಂಗತಿ. ಆದರೆ ಮಂಗಳೂರಿನ ಬಲ್ಮಠದ ನೇಯ್ಗೆಶಾಲೆಗೆ ಮಿಷನ್ನಿನ ಹಾಲರ್ ಒಂದು ರೂಪ ಕೊಟ್ಟದ್ದು 1850ರ ದಶಕದ ಆರಂಭದಲ್ಲಿ. ಮಿಷನ್ನಿನವನೇ ಆದ ಪ್ಲೆಬ್ಸ್ಟ್ ನೇತ್ರಾವತಿಯ ದಂಡೆಯ ಜೆಪ್ಪುವಿನಲ್ಲಿ ಹೆಂಚು ಸುಡಿಸತೊಡಗಿದ್ದು 1865ರಲ್ಲಿ. ಮೊದಲ ಪಾದ್ರಿ ಬಂದದ್ದಕ್ಕೂ ಮೊದಲ ಹೆಂಚು ಬೆಂದದ್ದಕ್ಕೂ ನಡುವೆ ಮೂವತ್ತು ವರ್ಷಗಳ ಅಂತರವಿದೆ. ಆ ಅವಧಿಯಲ್ಲಿ ಮರಗೆಲಸ, ಗಡಿಯಾರದ ಕೆಲಸ, ಬೇಸಾಯ ಎಂದು ಮಿಷನ್ ಒಂದೊಂದನ್ನೇ ಹಿಡಿದು ಬಿಡುತ್ತಿತ್ತು. ಜನರನ್ನು ಸೆಳೆಯುವ ಯೋಜನೆಯಿದ್ದವರು ಹೀಗೆ ತಡಕಾಡುವುದಿಲ್ಲ. ಆಗಲೇ ಬಂದು ಸೇರಿದವರ ಹೊಟ್ಟೆಗೆ ದಾರಿ ಕಾಣದವರ ತಡಕಾಟ ಅದು.

ಬಂದವರು ಕಳೆದುಕೊಂಡದ್ದೇನು ಎಂಬುದನ್ನು ಕೂಲಂಕಷವಾಗಿ ನೋಡಬೇಕು. ಮಂಗಳೂರು, ಉಡುಪಿ ಕಡೆಯ ಸಭೆಗಳಲ್ಲಿ ಹೆಚ್ಚಿನವರು ಬಿಲ್ಲವರು. ಅವರದು ಆಗ ಅಳಿಯಸಂತಾನ: ಆಸ್ತಿ ತಾಯಿಯ ಕಡೆಯ ಕುಟುಂಬದ್ದು, ಯಜಮಾನಿಕೆ ಸಾಮಾನ್ಯವಾಗಿ ಸೋದರಮಾವನದು, ಅವನ ನಂತರದ ಹಕ್ಕು ಅಕ್ಕತಂಗಿಯರ ಮಕ್ಕಳದು. ಇಲ್ಲಿ ತಂದೆಯಾದವನು ಮಕ್ಕಳಿಗೆ ಕುಟುಂಬದ ಗದ್ದೆ ಬಿಟ್ಟುಹೋಗುವ ಪ್ರಶ್ನೆಯೇ ಇರಲಿಲ್ಲ. ಕ್ರೈಸ್ತನಾದವನಿಗೆ ಸಭೆ ಹೇಳಿದ್ದು ಇದಕ್ಕೆ ತೀರ ವಿರುದ್ಧ: ಹೆಂಡತಿ ಮಕ್ಕಳನ್ನು ಸಾಕುವವನು ಗಂಡನೇ, ಮನೆಯ ತಲೆಯೂ ಅವನೇ. ಹೀಗೆ ಅವನ ಮೇಲೆ ಹೊಸ ಹೊಣೆ ಬಿತ್ತು, ಅದನ್ನು ಹೊರಲು ಬೇಕಾದ ಆಸ್ತಿ ಮಾತ್ರ ಬರಲಿಲ್ಲ. ಅವನ ಮಕ್ಕಳಿಗೆ ಅಪ್ಪನ ಕಡೆಯಿಂದ ಪಿತ್ರಾರ್ಜಿತವಿಲ್ಲ. ತಾಯಿಯೂ ಜಾತಿ ಬಿಟ್ಟಿದ್ದರೆ ಮಾವನ ಮನೆಯ ಬಾಗಿಲೂ ಮುಚ್ಚಿತು. ಎರಡು ದಾಯ ಪದ್ಧತಿಗಳ ನಡುವಿನ ಈ ಕಂದಕವನ್ನು ಮಿಷನ್ ತೋಡಲಿಲ್ಲ ನಿಜ, ಆದರೆ ಬರುವವರನ್ನು ಅದರ ಅಂಚಿಗೆ ತಂದು ನಿಲ್ಲಿಸಿದ್ದು ಅದರ ಬೋಧನೆಯೇ.

ಕಾನೂನು ರಕ್ಷಿಸಲಿಲ್ಲವೇ ಎಂದು ಕೇಳಬಹುದು. 1850ರ 21ನೇ ಕಾಯ್ದೆ ಮತ ಬದಲಿಸಿದ ಅಥವಾ ಜಾತಿ ಕಳೆದುಕೊಂಡ ಕಾರಣಕ್ಕೆ ಯಾರ ಆಸ್ತಿಯ ಹಕ್ಕೂ ಹೋಗದು ಎಂದು ಸಾರಿತ್ತು. ತಂದೆಯ ಕಡೆಯಿಂದ ಆಸ್ತಿ ಇಳಿಯುವ ಮಿತಾಕ್ಷರ ಪದ್ಧತಿಯ ಸೀಮೆಯಲ್ಲಿ ಇದಕ್ಕೆ ಬೆಲೆಯಿತ್ತು, ಏಕೆಂದರೆ ಅಲ್ಲಿ ಮಗ ಪಾಲು ಕೇಳಬಹುದಿತ್ತು. ಆದರೆ ಅಳಿಯಸಂತಾನದಲ್ಲಿ ಒಬ್ಬ ಸದಸ್ಯ ಹಟ ಹಿಡಿದು ಪಾಲು ಮಾಡಿಸಿಕೊಳ್ಳುವಂತಿಲ್ಲ ಎಂಬ ನಿಲುವನ್ನು ಮದರಾಸು ಹೈಕೋರ್ಟು 1860ರ ದಶಕದಲ್ಲಿ ಗಟ್ಟಿಮಾಡಿತು. ಪಾಲಿನ ಹಕ್ಕು ಶಾಸನವಾಗಿ ಬಂದದ್ದು 1949ರ ಮದರಾಸು ಅಳಿಯಸಂತಾನ ಕಾಯ್ದೆಯಲ್ಲಿ. ಪಾಲೇ ಇಲ್ಲದ ಮೇಲೆ ಉಳಿಯುವುದು ಕುಟುಂಬದ ಮನೆಯಲ್ಲಿದ್ದು ಅನ್ನಬಟ್ಟೆ ಪಡೆಯುವ ಹಕ್ಕು. ಪಂಕ್ತಿಯಲ್ಲಿ ಕೂರಿಸದ ಮನೆಯಲ್ಲಿ ಆ ಹಕ್ಕನ್ನು ಚಲಾಯಿಸುವುದು ಹೇಗೆ? ಕಾಯ್ದೆ ಕೊಟ್ಟದ್ದನ್ನು ಕಟ್ಟಳೆ ಕೈಗೆ ಸಿಗಗೊಡಲಿಲ್ಲ.

ಬಳ್ಳಾರಿಯ ಅಬ್ರಹಾಂ ಮೊಕದ್ದಮೆಯನ್ನು ಪಕ್ಕದಲ್ಲಿಟ್ಟರೆ ವ್ಯತ್ಯಾಸ ಎದ್ದು ಕಾಣುತ್ತದೆ. ಅಬಕಾರಿ ವ್ಯವಹಾರದಿಂದ ಶ್ರೀಮಂತನಾದ ಮ್ಯಾಥ್ಯೂ ಅಬ್ರಹಾಂ 1842ರಲ್ಲಿ ತೀರಿಕೊಂಡ. ಅವನ ಹಿರಿಯರು ಹಿಂದೂ ಮೂಲದವರು, ಹೆಂಡತಿ ಷಾರ್ಲಟ್ ಮಿಶ್ರ ಯುರೋಪಿಯನ್ ಮೂಲದವಳು. ತಮ್ಮ ಫ್ರಾನ್ಸಿಸ್ ಅವಿಭಕ್ತ ಕುಟುಂಬದ ಹಕ್ಕು ಮುಂದಿಟ್ಟ. ವ್ಯಾಜ್ಯ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೂ ಹೋಯಿತು. 1863ರ ತೀರ್ಪು, ಮತ ಬದಲಿಸಿದವನು ಹಳೆಯ ಧರ್ಮಶಾಸ್ತ್ರದ ಕಟ್ಟಿನಿಂದ ಬಿಡುಗಡೆಯಾಗುತ್ತಾನೆ, ಬೇಕೆಂದರೆ ಅದನ್ನೇ ಅನುಸರಿಸಿಕೊಂಡೂ ಇರಬಲ್ಲ, ಅವನ ನಡೆವಳಿಕೆಯೇ ಇದಕ್ಕೆ ಪ್ರಮಾಣ ಎಂದಿತು. ಇಂಥ ಆಯ್ಕೆ ಸ್ವಯಾರ್ಜಿತ ಉಳ್ಳವರಿಗೆ ಒಂದು ಸ್ವಾತಂತ್ರ್ಯವೇ. ಧಣಿ ಬಯಸಿದಾಗ ಬಿಡಿಸಬಹುದಾದ ಚಾಲಗೇಣಿಯ ಒಕ್ಕಲಿಗೆ, ತೆಂಗಿನ ಮರ ಏರಿ ಕಳ್ಳು ಇಳಿಸುವವನಿಗೆ ಆರಿಸಿಕೊಳ್ಳಲು ಇದ್ದುದಾದರೂ ಏನು?

ಮೂರ್ತೆಯ ಕಸುಬನ್ನಂತೂ ಮಿಷನ್ನೇ ಕಿತ್ತುಕೊಂಡಿತು. ಕುಡಿತವನ್ನು ಪಾಪವೆಂದವರು ಕಳ್ಳು ಇಳಿಸುವವನನ್ನು ಸಭೆಗೆ ಸೇರಿಸಿಕೊಳ್ಳಲಾರರು. ಭೂತದ ಕೋಲದಲ್ಲಿ ಭಾಗಿಯಾಗದ ಒಕ್ಕಲಿಗೆ ಧಣಿ ಗೇಣಿ ಮುಂದುವರಿಸುವ ಖಾತ್ರಿಯೂ ಇರಲಿಲ್ಲ, ಏಕೆಂದರೆ ಊರಿನ ಭೂಮಿಯ ಸಂಬಂಧಗಳು ಅದೇ ಆರಾಧನೆಯ ಸುತ್ತ ಹೆಣೆದುಕೊಂಡಿದ್ದವು. ಹೀಗೆ ಕಸುಬು, ಗೇಣಿ, ಕುಟುಂಬದ ಆಸರೆ ಮೂರೂ ತಪ್ಪಿದವರಿಗೆ ಕೂಲಿ ಕೊಡುವ ಧಣಿ ಮಿಷನ್ ಒಂದೇ ಆಯಿತು. ಜೆಪ್ಪುವಿನ ನಂತರ ಕುದ್ರೋಳಿ, ಮಲ್ಪೆ, ಕೇರಳದ ಕಲ್ಲಿಕೋಟೆ, ಫೆರೋಕ್‌ಗಳಲ್ಲಿ ಕಾರ್ಖಾನೆಗಳೆದ್ದವು. ಪಾದ್ರಿಯ ಸಭೆಯಲ್ಲಿ ಶಿಸ್ತಿಗೆ ಒಳಗಾದವನು ಅದೇ ಮಿಷನ್ನಿನ ಆವರಣದಲ್ಲಿ ದುಡಿಯುವವನೂ ಆಗಿದ್ದ. ಆತ್ಮದ ಲೆಕ್ಕ, ಹಾಜರಿಯ ಲೆಕ್ಕ ಎರಡೂ ಒಂದೇ ಆಡಳಿತದ ಕೈಯಲ್ಲಿದ್ದವು. ಮಿಷನ್ನನ್ನು ಪರೋಪಕಾರಿ ಎಂದಷ್ಟೇ ಹೊಗಳುವವರು ಈ ಹಿಡಿತವನ್ನು ಮರೆಯುತ್ತಾರೆ.

ಇದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ. ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಪಯಟಿಸ್ಟ್ ಭಕ್ತಿಯಲ್ಲಿ ಬೆಳೆದ ಈ ಪಾದ್ರಿಗಳಿಗೆ ದುಡಿಮೆಯೇ ಒಂದು ಸಾಧನೆ. ಅಳಿಯಸಂತಾನ ಇರಲಿ ಬಿಡಲಿ ಅವರು ಕಾರ್ಖಾನೆ ಕಟ್ಟಿಯೇ ಕಟ್ಟುತ್ತಿದ್ದರು ಎನ್ನಬಹುದು. ಆದರೆ ಅದೇ ಮಿಷನ್ 1828ರಲ್ಲಿ ಆಫ್ರಿಕದ ಗೋಲ್ಡ್ ಕೋಸ್ಟ್, ಅಂದರೆ ಇಂದಿನ ಘಾನಾಕ್ಕೂ ಹೋಗಿತ್ತು. ಅದೇ ದೇವಶಾಸ್ತ್ರ, ಅದೇ ಊರಿನ ಜನ. ಅಲ್ಲಿ ಕ್ರೈಸ್ತರು ಸೇಲಂ ಎಂದು ಕರೆಯುತ್ತಿದ್ದ ಪ್ರತ್ಯೇಕ ಕೇರಿಗಳಲ್ಲಿ ನೆಲೆಸಿದರು. ಕುಶಲಕರ್ಮಗಳನ್ನು ಕಲಿತರೂ ಹೆಚ್ಚಿನವರು ಉಳುಮೆಗೆ ನೆಲ ಪಡೆದರು, ಮುಂದೆ ಕೋಕೋ ಬೆಳೆಗಾರರಾದರು. ದೊಡ್ಡ ಕಾರ್ಖಾನೆಗಳ ಸುತ್ತ ಕೂಲಿಕಾರರ ಸಭೆ ಬೆಳೆದದ್ದು ಮಂಗಳೂರು, ಮಲಬಾರಿನ ಕಡೆ. ದುಡಿಮೆಯ ಭಕ್ತಿ ಕಾರ್ಖಾನೆಗೆ ಮೆರುಗು ಕೊಟ್ಟಿರಬಹುದು, ಅದರ ಅಗತ್ಯವನ್ನು ಹುಟ್ಟಿಸಿದ್ದು ಇಲ್ಲಿನ ನೆಲದ ವ್ಯವಸ್ಥೆ. ಮಂಗಳೂರಿನ ಕಥೋಲಿಕರೂ ಇದನ್ನೇ ಇನ್ನೊಂದು ದಿಕ್ಕಿನಿಂದ ತೋರಿಸುತ್ತಾರೆ. ಗೋವೆಯಿಂದ ಮನೆಮಂದಿಯ ಸಮೇತ ವಲಸೆ ಬಂದು ಬೇಸಾಯಕ್ಕೆ ನಿಂತವರು ಅವರು. 1784ರಲ್ಲಿ ಟಿಪ್ಪುವಿನ ಸೆರೆಗೆ ಸಿಕ್ಕಿ ಎಲ್ಲ ಕಳೆದುಕೊಂಡರೂ, ಮರಳಿ ಬಂದಾಗ ಕುಟುಂಬ, ಕುಲದ ಕಟ್ಟು ಅವರೊಡನೆ ಇತ್ತು. ಅವರಿಗೆ ಚರ್ಚು ಅನ್ನದ ಧಣಿಯಾಗುವ ಅಗತ್ಯ ಬೀಳಲಿಲ್ಲ. 1880ರಲ್ಲಿ ಅವರ ನಡುವೆ ಜೆಸುಯಿಟರು ತೆರೆದದ್ದು ಕಾರ್ಖಾನೆಯನ್ನಲ್ಲ, ಸಂತ ಅಲೋಶಿಯಸ್ ಕಾಲೇಜನ್ನು.

ಈ ವಾದಕ್ಕೆ ಮಿತಿಯೂ ಇದೆ. ಕೊಡಗಿನ ಆನಂದಪುರದಲ್ಲಿ ಮಿಷನ್ ನೆಲೆಗೊಳಿಸಿದ ಹೊಲೆಯ ಸಮುದಾಯದವರು ಜಮೀನುದಾರರ ಜೀತದಲ್ಲಿದ್ದವರು. ಅವರಿಗೆ ಕಳೆದುಕೊಳ್ಳಲು ಆಸ್ತಿಯೇ ಇರಲಿಲ್ಲ. ಆ ಊರಿನೊಂದಿಗೆ ನಂಟಿದ್ದ ಹರ್ಮನ್ ಆನಂದರಾವ್ ಕೌಂಡಿನ್ಯ 1844ರಲ್ಲಿ ಸಾರಸ್ವತ ಬ್ರಾಹ್ಮಣ ಮನೆತನವನ್ನು ಬಿಟ್ಟು ಬಂದವರು. ಒಂದೇ ನೆಲೆಯ ಈ ಇಬ್ಬರನ್ನು ಒಂದೇ ಕಾರಣದಿಂದ ವಿವರಿಸಹೊರಟರೆ ಇಬ್ಬರಿಗೂ ಅನ್ಯಾಯವಾಗುತ್ತದೆ.

ಕೂಲಿಯ ಆಸೆಯೇ ಮೂಲವೆನ್ನುವವರಿಗೆ ಬಿಲ್ಲವರ ಮುಂದಿನ ಚರಿತ್ರೆಯೇ ಉತ್ತರ. 1870ರ ಸುಮಾರಿಗೆ ಬಿಲ್ಲವ ಮುಖಂಡ ಅರಸಪ್ಪ ತನ್ನವರೊಂದಿಗೆ ಸೇರಲು ಹೊರಟದ್ದು ಬ್ರಾಹ್ಮಸಮಾಜಕ್ಕೆ, ಅಲ್ಲಿ ಯಾವ ಕಾರ್ಖಾನೆಯೂ ಇರಲಿಲ್ಲ. 1912ರಲ್ಲಿ ನಾರಾಯಣ ಗುರುಗಳು ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದರು. ಮಿಷನ್ನಿನ ಹೆಂಚಿನ ಚಿಮಣಿ ಹೊಗೆಯಾಡುತ್ತಿದ್ದ ಕುದ್ರೋಳಿಯೇ ಅದು. ಗೌರವದಿಂದ ದೇವರ ಮುಂದೆ ನಿಲ್ಲುವ ಹಂಬಲ ಮಿಷನ್, ಬ್ರಾಹ್ಮಸಮಾಜ, ಗುರುಗಳ ಗುಡಿ ಈ ಮೂರೂ ಕಡೆ ಒಂದೇ. ಮೂರನೆಯ ದಾರಿಯಲ್ಲಿ ಅದಕ್ಕಾಗಿ ಮಾವನ ಮನೆಯನ್ನು ಬಿಡಬೇಕಾಗಿರಲಿಲ್ಲ.

ಮೊದಲ ಮಹಾಯುದ್ಧದಲ್ಲಿ ಜರ್ಮನ್ ಪಾದ್ರಿಗಳನ್ನು ಸರ್ಕಾರ ಬಂಧನದಲ್ಲಿಟ್ಟಿತು. ಕಾರ್ಖಾನೆಗಳು 1919ರಲ್ಲಿ ಕಾಮನ್‌ವೆಲ್ತ್ ಟ್ರಸ್ಟಿನ ವಶಕ್ಕೆ ಹೋದವು. ಕೆಲಸ ಪೂರ್ತಿ ನಿಲ್ಲಲಿಲ್ಲವಾದ್ದರಿಂದ ಇದನ್ನು ನಂಬಿಕೆಯ ಶುದ್ಧ ಪರೀಕ್ಷೆ ಎನ್ನಲಾಗದು. ಆದರೆ ಕೂಲಿ ಕೊಡುವವರು ಬೇರೆ, ಪಾದ್ರಿ ಬೇರೆ ಆದದ್ದು ಆಗಲೇ. ಸಭೆಗಳು ಒಡೆದು ಚದುರಲಿಲ್ಲ. ಊರಿನ ಉಪದೇಶಿಗಳೂ ಹಿರಿಯರೂ ಅವನ್ನು ನಡೆಸಿಕೊಂಡು ಹೋದರು.