ಎರಡು ಹನಿಯ ಹಿಂದಿನ ಕೋತಿಗಳು

ಪಲ್ಸ್ ಪೋಲಿಯೊ ಭಾನುವಾರ ಮಗುವನ್ನ ಎತ್ತಿಕೊಂಡು ಅಂಗನವಾಡಿಗೆ ಹೋದವರು ನಮ್ಮಲ್ಲಿ ಬಹಳ ಜನ ಇದ್ದೀವಿ. ಆ ಎರಡು ಹನಿಯ ಹಿಂದೆ ಲಕ್ಷಗಟ್ಟಲೆ ಕೋತಿಗಳ ಜೀವ ಇದೆ ಅನ್ನೋದು ಗೊತ್ತಾ?

ಪೋಲಿಯೊ ವೈರಸ್ ಬೆಳೆಯೋಕೆ ಜೀವಂತ ಕೋಶ ಬೇಕು. 1950ರ ದಶಕದಲ್ಲಿ ಅದಕ್ಕೆ ಬಳಸಿದ್ದು ಕೋತಿಯ ಮೂತ್ರಪಿಂಡದ ಕೋಶಗಳನ್ನ. 1955ರಲ್ಲಿ ಬಂದ ಜೋನಾಸ್ ಸಾಕ್ ಅವರ ಚುಚ್ಚುಮದ್ದು ತಯಾರಾಗಿದ್ದು ಹೀಗೆ. ಆಮೇಲೆ ಬಂದ ಆಲ್ಬರ್ಟ್ ಸೇಬಿನ್ ಅವರ ಹನಿ ಲಸಿಕೆಯೂ ಹೀಗೇ.

ಕೋತಿಗಳು ಹೋಗ್ತಿದ್ದದ್ದು ಮುಖ್ಯವಾಗಿ ಭಾರತದಿಂದ. ನಮ್ಮ ಕಡೆ ದೇವಸ್ಥಾನಗಳಲ್ಲಿ ಕಾಣೋ ಕೋತಿಯಲ್ಲ, ಉತ್ತರ ಭಾರತದ ರೀಸಸ್ ಜಾತಿ. ಆ ದಶಕದ ಕೊನೆಗೆ ವರ್ಷಕ್ಕೆ ಲಕ್ಷಕ್ಕೂ ಹೆಚ್ಚು ಕೋತಿಗಳು ವಿಮಾನ ಹತ್ತಿದವು. ಎಲ್ಲವೂ ಜೀವಂತ ತಲುಪಲಿಲ್ಲ. 1955ರ ಆರಂಭದಲ್ಲಿ ಲಂಡನ್ ವಿಮಾನ ನಿಲ್ದಾಣದಲ್ಲಿ ಸುಮಾರು 400 ಕೋತಿಗಳು ಉಸಿರುಗಟ್ಟಿ ಸತ್ತವು. ಭಾರತ ಕೆಲಕಾಲ ರಫ್ತನ್ನೇ ನಿಲ್ಲಿಸಿತು. ಮತ್ತೆ ಶುರುಮಾಡುವಾಗ ಅಮೆರಿಕಕ್ಕೆ ಷರತ್ತು ಹಾಕಿತು: ಲಸಿಕೆ ತಯಾರಿಕೆಗೆ, ವೈದ್ಯಕೀಯ ಸಂಶೋಧನೆಗೆ ಮಾತ್ರ ಬಳಸಬೇಕು.

ದೇಶದೊಳಗೂ ಇದೇ ಯೋಚನೆ ನಡೆದಿತ್ತು. ನೃತ್ಯ ಕಲಾವಿದೆ ರುಕ್ಮಿಣಿದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಹಟ ಹಿಡಿದು ಎತ್ತಿದ ವಿಷಯ 1960ರಲ್ಲಿ ಪ್ರಾಣಿಹಿಂಸೆ ತಡೆ ಕಾಯ್ದೆಯಾಯಿತು. ಅದು ಪ್ರಯೋಗಗಳನ್ನ ನಿಷೇಧಿಸಲಿಲ್ಲ. ಆದರೆ ಶಸ್ತ್ರಕ್ರಿಯೆ ಮಾಡುವಾಗ ಅರಿವಳಿಕೆ ಕೊಡಿ, ಪುಸ್ತಕ, ಮಾದರಿ, ಫಿಲ್ಮ್‌ನಿಂದ ಪಾಠ ಆಗೋ ಕಡೆ ಪ್ರಾಣಿಯನ್ನ ತರಬೇಡಿ ಅಂದಿತು.

ಷರತ್ತು ಮುರಿದ ಸುದ್ದಿ ಬಂದದ್ದು 1977ರಲ್ಲಿ. ಅಮೆರಿಕದ ಸೇನಾ ಪ್ರಯೋಗಾಲಯವೊಂದರಲ್ಲಿ ರೀಸಸ್ ಕೋತಿಗಳಿಗೆ ಮಾರಕ ಪ್ರಮಾಣದ ವಿಕಿರಣ ಕೊಟ್ಟು, ಅವನ್ನ ಚಕ್ರದಲ್ಲಿ ಓಡಿಸ್ತಿದ್ದರು. ಓಡದಿದ್ದರೆ ಕರೆಂಟ್ ಶಾಕ್. ಅಣ್ವಸ್ತ್ರದ ವಿಕಿರಣ ತಗುಲಿದ ಸೈನಿಕ ಎಷ್ಟು ಹೊತ್ತು ಕಾದಾಡಬಲ್ಲ ಅಂತ ಅಂದಾಜು ಮಾಡೋದು ಅದರ ಉದ್ದೇಶ. ಮೊರಾರ್ಜಿ ದೇಸಾಯಿ ಸರ್ಕಾರ 1978ರ ಏಪ್ರಿಲ್‌ನಿಂದ ರಫ್ತನ್ನ ಪೂರ್ತಿ ನಿಲ್ಲಿಸಿತು.

ಲಸಿಕೆ ನಿಂತುಹೋಯ್ತಾ? ಇಲ್ಲ. ಅಮೆರಿಕ ಕೋತಿಗಳನ್ನ ತನ್ನಲ್ಲೇ ಸಾಕೋದನ್ನ ಹೆಚ್ಚಿಸಿತು. ಇನ್ನೊಂದು ದಾರಿ ಅಷ್ಟರಲ್ಲೇ ತೆರೆದಿತ್ತು: 1962ರಲ್ಲಿ ಜಪಾನಿನ ವಿಜ್ಞಾನಿಗಳು ಒಂದು ಆಫ್ರಿಕನ್ ಹಸಿರು ಕೋತಿಯ ಮೂತ್ರಪಿಂಡದಿಂದ ತೆಗೆದ 'ವೀರೋ' ಕೋಶಗಳು ಪ್ರಯೋಗಾಲಯದಲ್ಲಿ ಇವತ್ತಿಗೂ ವೃದ್ಧಿಸ್ತಾನೇ ಇವೆ. ಮುಂದೆ ಪೋಲಿಯೊ ಲಸಿಕೆಯನ್ನೂ ಅದರಲ್ಲೇ ಬೆಳೆಸಿದರು. ಪ್ರತಿ ಸಲ ಹೊಸ ಕೋತಿ ಕೊಲ್ಲೋದು ತಪ್ಪಿತು.

2014ರಲ್ಲಿ ಭಾರತ ಪೋಲಿಯೊಮುಕ್ತ ಅಂತ ಘೋಷಣೆಯಾಯ್ತು. ಆ ಕೋತಿಗಳ ಋಣ ನಮ್ಮ ಮೇಲಿದೆ, ಅದನ್ನ ಅಲ್ಲಗಳೆಯೋಕಾಗಲ್ಲ. ಆದರೆ ಮಗುವಿನ ಕಾಲು ಉಳಿಸೋಕೆ ಅಂತ ಕೊಟ್ಟ ಪ್ರಾಣಿಯನ್ನ ಯುದ್ಧದ ಲೆಕ್ಕಕ್ಕೆ ಬಳಸಿದಾಗ, ಕೊಟ್ಟವರಿಗೆ 'ಸಾಕು' ಅನ್ನೋ ಹಕ್ಕೂ ಇತ್ತು.

ನೀವಾಗಿದ್ದರೆ ಗೆರೆ ಎಲ್ಲಿ ಎಳೀತಿದ್ರಿ? ಕಾಮೆಂಟಲ್ಲಿ ಬರೀರಿ.

#ಇತಿಹಾಸ #ಪೋಲಿಯೊ #ವಿಜ್ಞಾನ #ಕನ್ನಡ