ಕಾರವಾರ–ಅಂಕೋಲೆಗಳ ಸೀಮೆಯಲ್ಲಿ ಉಪಾಧ್ಯಾಯಶಿಕ್ಷಣವೂ ಗಣಕಯಂತ್ರವೂ

ಬಲ್ಲವರೆಲ್ಲರೂ ಕಲಿಸಬಲ್ಲವರಾಗಲಾರರೆಂಬ ವಿಚಾರವನ್ನು ಕಾಳಿದಾಸನು ಮಾಲವಿಕಾಗ್ನಿಮಿತ್ರದಲ್ಲಿ ನಾಟ್ಯಾಚಾರ್ಯರಿಬ್ಬರ ಸ್ಪರ್ಧೆಯ ಸಂದರ್ಭದಲ್ಲಿ ಎತ್ತಿರುವನು. ಅಮೆರಿಕದ ಶಿಕ್ಷಣಶಾಸ್ತ್ರಜ್ಞ ಲೀ ಶುಲ್ಮನ್ 1986ರಲ್ಲಿ ಪ್ರತಿಪಾದಿಸಿದುದೂ ಬಹುಮಟ್ಟಿಗೆ ಇದೇ: ವಿಷಯಜ್ಞಾನವೂ ಬೋಧನಕ್ರಮವೂ ಒಂದರೊಳಗೊಂದು ಬೆರೆತಿರಬೇಕು. ಮಿಶ್ರ, ಕೋಯ್ಲರ್ ಎಂಬ ವಿದ್ವಾಂಸರು 2006ರಲ್ಲಿ ಇವೆರಡರ ಸಂಗಡ ಉಪಕರಣಜ್ಞಾನವನ್ನು ಮೂರನೆಯದಾಗಿ ಕೂಡಿಸಿದರು. ಈ ಮೂರನೆಯದು ಉತ್ತರ ಕನ್ನಡದ ಕರಾವಳಿಯ ಉಪಾಧ್ಯಾಯರಿಗೆ ಯಾವ ಮಾರ್ಗವಾಗಿ ಬಂದಿತೆಂಬುದು ವಿಚಾರಾರ್ಹವಾಗಿದೆ.

ಉತ್ತರ ಕನ್ನಡವು 1862ರಲ್ಲಿ ಮದರಾಸು ಆಧಿಪತ್ಯದಿಂದ ಮುಂಬಯಿ ಆಧಿಪತ್ಯಕ್ಕೆ ಸೇರಿತು. ಅದರೊಡನೆ ಅಂಕೋಲೆಯ ಶಾಲಾಮಾಸ್ತರನ ದೃಷ್ಟಿಯೂ ಧಾರವಾಡದ ಕಡೆಗೆ ತಿರುಗಿತೆನ್ನಬಹುದು. ಆ ಆಧಿಪತ್ಯದ ಕನ್ನಡ ಜಿಲ್ಲೆಗಳಿಗೆ ಉಪಾಧ್ಯಾಯಶಿಕ್ಷಣದ ಕೇಂದ್ರವಾಗಿದ್ದುದು ಧಾರವಾಡವೇ. ಅಲ್ಲಿಯ ನಾರ್ಮಲ್ ಸ್ಕೂಲಿನ ಮುಖ್ಯಾಧ್ಯಾಪಕರಾಗಿದ್ದ ಡೆಪ್ಯುಟಿ ಚೆನ್ನಬಸಪ್ಪನವರ (1834–1881) ಕಾಲದಲ್ಲಿ ಹೊಸ ವಿದ್ಯಾಸಾಧನವೆಂದರೆ ಅಚ್ಚಿನ ಯಂತ್ರ. ಉಪಾಧ್ಯಾಯರಿಗಾಗಿಯೇ 1865ರಲ್ಲಿ ಮಠಪತ್ರಿಕೆಯು ಹೊರಟಿತು. ಅದೇ ಮುಂದೆ ಶಾಲಾಪತ್ರಿಕೆಯಾಗಿ, ಆಮೇಲೆ ಜೀವನ ಶಿಕ್ಷಣವಾಯಿತು. ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಅಚ್ಚಿನ ಮೊಳೆಯನ್ನು ಜೋಡಿಸುವ ಕೆಲಸವನ್ನು ಮಾಸ್ತರರಿಗೆ ಯಾರೂ ಕಲಿಸಲಿಲ್ಲ. ಅಚ್ಚಾದುದನ್ನು ಪಾಠಕ್ಕೆ ಹೇಗೆ ತರಬೇಕೆಂಬುದೇ ಅವರು ತಿಳಿಯಬೇಕಾಗಿದ್ದಿತು. ಅದೂ ಅವರ ಕನ್ನಡದಲ್ಲಿಯೇ.

ಗಣಕಯಂತ್ರದ ಪ್ರವೇಶವು ಇದಕ್ಕೆ ವಿಪರೀತವಾಗಿ ನಡೆಯಿತು. 1984ರಲ್ಲಿ ಕೇಂದ್ರ ಸರ್ಕಾರವು ‘ಕ್ಲಾಸ್’ ಎಂಬ ಯೋಜನೆಯ ಮೂಲಕ ಬಿಬಿಸಿ ಮೈಕ್ರೋ ಎಂಬ ಆಂಗ್ಲದೇಶದ ಯಂತ್ರವನ್ನು ಕೆಲವು ಶಾಲೆಗಳಿಗೆ ತರಿಸಿತು. ಅದರ ಕೀಲಿಮಣೆ ರೋಮನ್ ಲಿಪಿಯದು. ಕರ್ನಾಟಕದಲ್ಲಿ 2001ರ ಸುಮಾರಿಗೆ ‘ಮಾಹಿತಿ ಸಿಂಧು’ವು ಒಂದು ಸಾವಿರ ಸರ್ಕಾರಿ ಪ್ರೌಢಶಾಲೆಗಳಿಗೆ ಗಣಕಯಂತ್ರವನ್ನು ಒದಗಿಸಿತು. ಆದರೆ ಬೋಧನೆಯ ಭಾರವು ಖಾಸಗಿ ಸಂಸ್ಥೆಗಳ ಶಿಕ್ಷಕರ ಪಾಲಿಗೆ ಹೋಯಿತು. ಗಣಿತದ ಮಾಸ್ತರರೂ ಕನ್ನಡ ಪಂಡಿತರೂ ಆ ಕೊಠಡಿಯ ಹೊರಗೆ ಉಳಿದರು. ಯಂತ್ರವೇ ಒಂದು ಪಾಠವಾಯಿತಲ್ಲದೆ, ಇದ್ದ ಪಾಠಗಳಿಗೆ ಯಂತ್ರವು ನೆರವಾಗಲಿಲ್ಲ. ಮೂಲದ ದೋಷವು ಇದೇ ಎಂದು ತೋರುತ್ತದೆ. ಹಣದ ಕೊರತೆಯನ್ನೇ ದೂರುವವರು ಇದನ್ನು ಮರೆಯುವರು.

ಲಿಪಿಯ ತೊಡಕು ಬೇರೆ. 1991ರ ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ಥಾನವು ದೊರೆತಿದ್ದರೂ, ಬಹುಕಾಲದವರೆಗೆ ನುಡಿ, ಬರಹಗಳ ಹಳೆಯ ಅಕ್ಷರಸಂಕೇತಗಳಲ್ಲಿಯೇ ಕೆಲಸ ನಡೆಯಿತು. ಒಬ್ಬನು ಶ್ರಮಪಟ್ಟು ಸಿದ್ಧಪಡಿಸಿದ ವ್ಯಾಕರಣದ ಪಾಠವು, ಆ ಅಕ್ಷರರೂಪವಿಲ್ಲದ ಇನ್ನೊಬ್ಬನ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ಕಾಣಿಸುತ್ತಿದ್ದಿತು. ಅಚ್ಚಾದ ಪುಸ್ತಕಕ್ಕೆ ಇಂಥ ದುರವಸ್ಥೆ ಎಂದೂ ಒದಗಿದ್ದಿಲ್ಲ.

1986ರ ರಾಷ್ಟ್ರೀಯ ಶಿಕ್ಷಣನೀತಿಯ ಫಲವಾಗಿ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು ಹುಟ್ಟಿದುವು. ಈ ಕರಾವಳಿಗೆ ಸಂಬಂಧಿಸಿದುದು ಕುಮಟೆಯಲ್ಲಿದೆ. ಸೇವೆಯಲ್ಲಿರುವ ಉಪಾಧ್ಯಾಯರಿಗಾಗಿ 2016ರ ತರುವಾಯ ‘ಟಾಲ್ಪ್’ ಎಂಬ ರಾಜ್ಯದ ಕಾರ್ಯಕ್ರಮವು ಬಂದು, ಯಂತ್ರವನ್ನು ವಿಷಯಬೋಧಕರ ಕೈಗೇ ಕೊಡುವ ಪ್ರಯತ್ನ ಮಾಡಿತು. ಮುಂದೆ ಉಪಾಧ್ಯಾಯರಾಗುವವರ ವಿಷಯದಲ್ಲಿ ಮುಖ್ಯವಾದುದು ರಾಷ್ಟ್ರೀಯ ಅಧ್ಯಾಪಕ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿ. ಅದು ಬಿ.ಎಡ್. ವ್ಯಾಸಂಗವನ್ನು ಎರಡು ವರ್ಷಗಳಿಗೆ ವಿಸ್ತರಿಸಿ, ಮಾಹಿತಿ ತಂತ್ರಜ್ಞಾನದ ವಿಮರ್ಶಾತ್ಮಕ ತಿಳಿವಳಿಕೆಯನ್ನು ಅದರ ಅಂಗವಾಗಿಸಿತು. ಇಪ್ಪತ್ತು ವಾರಗಳ ಶಾಲಾನುಭವವನ್ನೂ ವಿಧಿಸಿತು. ‘ವಿಮರ್ಶಾತ್ಮಕ’ ಎಂಬ ವಿಶೇಷಣವು ಚೆನ್ನಾಗಿದೆ. ಆದರೂ ಪ್ರತ್ಯೇಕ ಪತ್ರಿಕೆಯೆಂದು ಪರೀಕ್ಷೆಗಾಗಿ ಓದಿ ಮುಗಿಸುವ ಅಭ್ಯಾಸವು ನಮ್ಮಲ್ಲಿ ಬಲವಾಗಿರುವುದರಿಂದ, ಮಾಹಿತಿ ಸಿಂಧುವಿನ ತಪ್ಪು ಇಲ್ಲಿ ವೇಷ ಬದಲಿಸಿಕೊಂಡು ಮರಳಬಹುದೆಂಬ ಶಂಕೆಗೆ ಅವಕಾಶವಿದೆ.

ಪಾಠದೊಳಗೆ ಯಂತ್ರವು ಸೇರುವುದೆಂದರೇನೆಂಬುದಕ್ಕೆ ದೃಷ್ಟಾಂತಗಳನ್ನು ದೂರದಿಂದ ತರಬೇಕಾಗಿಲ್ಲ. 2024ನೆಯ ಜುಲೈ 16ರಂದು ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಗುಡ್ಡವು ಕುಸಿದು ಹೆದ್ದಾರಿಯನ್ನು ಮುಚ್ಚಿ ಗಂಗಾವಳಿ ನದಿಗೆ ಬಿದ್ದು, ಹಲವರ ಪ್ರಾಣಹಾನಿಯಾಯಿತು. ಆ ಸ್ಥಳದ ಉಪಗ್ರಹಚಿತ್ರಗಳನ್ನು, ಕುಸಿತಕ್ಕೆ ಮುಂಚಿನದನ್ನೂ ಅನಂತರದ್ದನ್ನೂ, ಅಕ್ಕಪಕ್ಕದಲ್ಲಿಟ್ಟು ಗುಡ್ಡ, ರಸ್ತೆ, ನದಿಗಳ ಸಂಬಂಧವನ್ನು ಮಕ್ಕಳಿಂದಲೇ ಹೇಳಿಸುವ ಭೂಗೋಳದ ಶಿಕ್ಷಕನಿಗೆ ಯಂತ್ರದ ಪ್ರಯೋಜನವನ್ನು ಬೇರೆಯಾಗಿ ಬೋಧಿಸಬೇಕಾಗಿಲ್ಲ. ಅಕ್ಷರಾಭ್ಯಾಸವಿಲ್ಲದೆಯೇ ಸಾವಿರಾರು ಹಾಡುಗಳನ್ನು ಕಂಠಸ್ಥವಾಗಿಟ್ಟುಕೊಂಡಿದ್ದ ಬಡಿಗೇರಿಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಸಂದಿತು. 2025ರ ಫೆಬ್ರವರಿಯಲ್ಲಿ ಅವರು ನಿಧನ ಹೊಂದಿದರು. ಅವರ ಕಂಠದ ಧ್ವನಿಮುದ್ರಣವನ್ನು ಕೇಳಿಸಿ, ಹಾಲಕ್ಕಿಗಳ ನುಡಿಯನ್ನು ಪಠ್ಯಪುಸ್ತಕದ ನುಡಿಯೊಡನೆ ಹೋಲಿಸುವ ಕನ್ನಡ ಶಿಕ್ಷಕನ ಪಾಠವು ಅಚ್ಚಿನ ಪುಸ್ತಕದಿಂದ ಸಾಧ್ಯವಾಗದುದು. ಅಲ್ಲಿ ಯಂತ್ರವು ನಿಜವಾಗಿಯೂ ಅಧಿಕವಾದುದೇನನ್ನೋ ತರುತ್ತದೆ.

2020ರ ಮಹಾಮಾರಿಯ ಕಾಲದಲ್ಲಿ ಶಾಲೆಗಳು ಮುಚ್ಚಿ ಪಾಠವು ದೂರವಾಣಿಯ ಪರದೆಗೆ ಏರಿದಾಗ ಈ ವಿವೇಕದ ಅಭಾವವು ಪ್ರಕಟವಾಯಿತು. ಘಟ್ಟದ ಕಾಡುಹಳ್ಳಿಗಳ ಮಕ್ಕಳು ಸಂಪರ್ಕವನ್ನು ಹುಡುಕುತ್ತ ಗುಡ್ಡ ಹತ್ತಿದ ಸುದ್ದಿಯು ಪತ್ರಿಕೆಗಳಲ್ಲಿ ಬಂದಿತು. ಪರದೆಯ ಮೇಲೆ ಅವರಿಗೆ ದೊರೆತುದು ಬಹುಶಃ ಕಪ್ಪು ಹಲಗೆಯ ಪಾಠವೇ. ಉಪಕರಣವನ್ನು ನಡೆಸಬಲ್ಲ ಶಿಕ್ಷಕರು ಆಗ ಅನೇಕರಿದ್ದರು. ಯಾವ ಪಾಠಕ್ಕೆ ಅದು ಬೇಕು, ಯಾವುದಕ್ಕೆ ಬೇಡವೆಂದು ವಿಂಗಡಿಸುವ ಅಭ್ಯಾಸವನ್ನು ವ್ಯಾಸಂಗಕಾಲದಲ್ಲಿಯೇ ಪಡೆದವರು ಕೆಲವರು ಮಾತ್ರ. ಆ ಇಪ್ಪತ್ತು ವಾರಗಳಲ್ಲಿ ಹಿರಿಯ ಶಿಕ್ಷಕರ ಸಮ್ಮುಖದಲ್ಲಿ ಪಾಠ ಮಾಡಿ, ಮಾಡಿದ ಪಾಠವನ್ನು ಅವರೊಡನೆ ಚರ್ಚಿಸುವಾಗಲೇ ಈ ಅಭ್ಯಾಸವು ಬರತಕ್ಕದ್ದು.