ಡಾರ್ವಿನ್ ಸುಟ್ಟ ಕಾಗದಗಳು, ಗೆಳೆಯರು ಉಳಿಸಿದ ಕಾಗದಗಳು

ಇವತ್ತಿನ ಮಾತು ಚಾರ್ಲ್ಸ್ ಡಾರ್ವಿನ್ ಬಗ್ಗೆ. ವಿಕಾಸವಾದ ಅಲ್ಲ, ಅವರ ಅಂಚೆಯ ಕಥೆ.

ಅಂಗಡಿಗಳಲ್ಲಿ ಬಿಲ್ಲು ಚುಚ್ಚಿಡೋ ತಂತಿ ನೋಡಿದ್ದೀರಲ್ಲ? ಹೆಚ್ಚುಕಮ್ಮಿ ಅಂಥದ್ದಕ್ಕೇ ಡಾರ್ವಿನ್ ತಮಗೆ ಬಂದ ಪತ್ರಗಳನ್ನು ಸಿಕ್ಕಿಸಿ ಇಡ್ತಿದ್ರು. ಇದ್ದ ತಂತಿಗಳೆಲ್ಲ ತುಂಬಿದ ಮೇಲೆ ಹಲವು ವರ್ಷಗಳ ಪತ್ರಗಳನ್ನು ಸುಟ್ಟು ಜಾಗ ಮಾಡ್ಕೊಳ್ತಿದ್ರು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಡಿಸ್ಕ್ ಫುಲ್, ಹಳೇ ಲಾಗ್ ಡಿಲೀಟ್. 1862ಕ್ಕೆ ಮೊದಲು ಬಂದ ಪತ್ರಗಳಲ್ಲಿ ಬಹುಪಾಲು ಹೀಗೇ ಹೋದವು ಅಂತ ಮಗ ಫ್ರಾನ್ಸಿಸ್ ಬರೆದಿದ್ದಾರೆ. 'ಆರಿಜಿನ್ ಆಫ್ ಸ್ಪೀಶೀಸ್' ಬಂದದ್ದು 1859ರಲ್ಲಿ. ಅಂದ್ರೆ ಹೋದದ್ದು ಆ ಪುಸ್ತಕ ರೂಪುಗೊಂಡ ವರ್ಷಗಳ ಪತ್ರಗಳೇ.

ಹಾಗಿದ್ರೂ ಇವತ್ತು ಡಾರ್ವಿನ್ ಬರೆದ, ಅವರಿಗೆ ಬಂದ ಸುಮಾರು 15,000 ಪತ್ರಗಳು ಗೊತ್ತಿವೆ. ಹೇಗೆ? ಕಾಗದದ ಕಾಲದಲ್ಲಿ ನಾವು ಬರೆದದ್ದು ಉಳಿಯೋದು ನಮ್ಮ ಹತ್ರ ಅಲ್ಲ, ಪಡೆದವರ ಹತ್ರ. ಜೀವಜಾತಿಗಳು ಬದಲಾಗುತ್ತವೆ ಅನ್ನೋ ಅನುಮಾನವನ್ನ ಡಾರ್ವಿನ್ 1844ರ ಜನವರಿಯಲ್ಲಿ ಸಸ್ಯವಿಜ್ಞಾನಿ ಜೋಸೆಫ್ ಹೂಕರ್‌ಗೆ ಬರೆದು ತಿಳಿಸಿದ್ರು. ಹೂಕರ್ ಎತ್ತಿಟ್ಟಿದ್ದಕ್ಕೆ ಆ ಕಾಗದ ನಮಗೆ ಸಿಕ್ತು. 1882ರಲ್ಲಿ ತಂದೆ ತೀರಿಕೊಂಡ ಮೇಲೆ ಫ್ರಾನ್ಸಿಸ್ ಇಂಥವರನ್ನೆಲ್ಲ ಕೇಳಿ ಪತ್ರ ಒಟ್ಟುಮಾಡಿದ್ರು. ಈಗ ಅತಿದೊಡ್ಡ ಸಂಗ್ರಹ ಇರೋದು ಕೇಂಬ್ರಿಜ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ. 1974ರಲ್ಲಿ ಶುರುವಾದ ಸಂಪಾದನೆಯ ಕೆಲಸ 30 ಸಂಪುಟಗಳಾಗಿ ಮುಗಿದದ್ದು 2023ರಲ್ಲಿ. ಒಬ್ಬ ಮನುಷ್ಯನ ಅಂಚೆಗೆ ಸುಮಾರು ಐವತ್ತು ವರ್ಷ!

ಗ್ರಂಥಾಲಯ ಸೇರಿದ ಮಾತ್ರಕ್ಕೆ ಪತ್ರ ಬಚಾವ್ ಅಲ್ಲ. 19ನೇ ಶತಮಾನದಲ್ಲಿ ತುಂಬಾ ಬಳಕೆಯಲ್ಲಿದ್ದ ಶಾಯಿ ಮಾಡ್ತಿದ್ದದ್ದು ಓಕ್ ಮರದ ಗಂಟುಕಾಯಿ ಮತ್ತು ಕಬ್ಬಿಣದ ಲವಣದಿಂದ. ಅದರ ಆಮ್ಲ, ಕಬ್ಬಿಣ ಎರಡೂ ಸೇರಿ ನಿಧಾನಕ್ಕೆ ಕಾಗದವನ್ನೇ ತಿನ್ನುತ್ತವೆ, ತೇವ ಇದ್ರೆ ಇನ್ನೂ ಬೇಗ. ಅದಕ್ಕೇ ಆಮ್ಲವಿಲ್ಲದ ಫೋಲ್ಡರು, ಹದವಾದ ತೇವಾಂಶ, ಮಂದ ಬೆಳಕು. ಸ್ಕ್ಯಾನ್ ಮಾಡಿದ ಮೇಲೂ ಮೂಲವನ್ನು ಎಸೆಯೋದಿಲ್ಲ. ನೀರಚ್ಚು, ಮಡಿಕೆ, ಶಾಯಿಯ ಗುಣ ಇವೆಲ್ಲ ಚಿತ್ರದಲ್ಲಿ ಪೂರ್ತಿ ಸಿಗಲ್ಲ.

ಈಗ ನಮ್ಮ ವಿಷಯ. ಪುಣೆಯಲ್ಲೋ ಹೈದರಾಬಾದಿನಲ್ಲೋ ಇರೋ ನಮ್ಮ ಅಪ್ಪ-ಅಮ್ಮಂದಿರ ಇನ್‌ಲ್ಯಾಂಡ್ ಲೆಟರ್‌ಗಳು ಊರಿನ ಟ್ರಂಕಿನಲ್ಲಿ ಇರಬಹುದು. ದಯವಿಟ್ಟು ಲ್ಯಾಮಿನೇಟ್ ಮಾಡಿಸಬೇಡಿ, ಸೆಲ್ಲೋ ಟೇಪ್ ಹಚ್ಚಬೇಡಿ, ಪಿನ್ ತೆಗೆದುಬಿಡಿ. ಫೋಟೋ ತೆಗೆದು, ಒಣ ಜಾಗದಲ್ಲಿ ಇಡಿ. ಮುಖ್ಯವಾಗಿ, ಹಿರಿಯರ ಪಕ್ಕ ಕೂತು ಕೇಳಿ: ಈ 'ಚಿಕ್ಕಿ' ಯಾರು, ಆ 'ಗದ್ದೆ ವಿಷಯ' ಏನು? ಉತ್ತರ ಬರೆದಿಡಿ. ಕಾಗದಕ್ಕೆ ಇನ್ನೂ ನೂರು ವರ್ಷ ಆಯಸ್ಸು ಇರಬಹುದು. ಉತ್ತರ ಗೊತ್ತಿರೋರಿಗೆ ಅಷ್ಟು ಸಮಯ ಇಲ್ಲ.